ಮೇ ಚೌಕ, ಅಕ್ಟೋಬರ್ ಚೌಕ

ನಮ್ಮ ಹೈಸ್ಕೂಲಿನ ಮಾರ್ಗದರ್ಶಕಿ ಇಲೋನಾ ಫಾರ್ಕಾಶ್ ಅವರ ಮೇಜಿನ ಎಡಗಡೆ ಡ್ರಾಯರಿನಲ್ಲಿ ಅಂಗೈ ಅಗಲದ ರಟ್ಟಿನ ಚೀಟಿಗಳಿದ್ದವು, ವಿದ್ಯಾರ್ಥಿಗೊಂದರಂತೆ. ಪ್ರತಿ ಚೀಟಿಯ ಕೆಳಭಾಗದಲ್ಲಿ ಎರಡು ಚೌಕ. ಒಂದರ ಮೇಲೆ ‘ಮೇ’, ಇನ್ನೊಂದರ ಮೇಲೆ ‘ಅಕ್ಟೋಬರ್’. ಮೇ ಚೌಕದಲ್ಲಿ ಯಾವ ಕಾಲೇಜಿನಲ್ಲಿ ಸೀಟು ಸಿಕ್ಕಿತು ಎಂದು ಬರೆಯುತ್ತಿದ್ದರು. ಅಕ್ಟೋಬರ್ ಚೌಕದಲ್ಲಿ, ಆ ಮಗು ಈಗ ನಿಜವಾಗಿ ಯಾವ ಕಾಲೇಜಿನಲ್ಲಿದೆ ಎಂದು; ಎಲ್ಲೂ ಇಲ್ಲದಿದ್ದರೆ ಚೌಕ ಖಾಲಿ.

“ಸಿಕ್ಕಿದ್ದು ಬೇರೆ, ಸೇರಿದ್ದು ಬೇರೆ” ಎನ್ನುವುದು ಅವರ ಮಾತು.

ಎರಡನೆಯ ಚೌಕ ತುಂಬಲು ಅವರು ಪ್ರತಿ ಅಕ್ಟೋಬರಿನಲ್ಲೂ ಆ ವರ್ಷ ಹೈಸ್ಕೂಲು ಮುಗಿಸಿದ ಅಷ್ಟೂ ಮಕ್ಕಳ ಮನೆಗೆ ಫೋನ್ ಮಾಡುತ್ತಿದ್ದರು. ನಮ್ಮ ಶಾಲೆಯನ್ನು ಮಧ್ಯದಲ್ಲೇ ಬಿಟ್ಟು ಖಾಸಗಿ ಶಾಲೆಗೆ ಹೋದವರ ಮನೆಗೂ ಮಾಡುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ನಾನು ಅದೇ ಶಾಲೆಯಲ್ಲಿ, ಅವರ ಕೋಣೆಯಿಂದ ಎರಡು ಬಾಗಿಲು ಆಚೆ, ರಸಾಯನಶಾಸ್ತ್ರ ಕಲಿಸುತ್ತಿದ್ದೆ.

ಡೆಲ್‌ಪೋರ್ಟ್ ಅಮೆರಿಕದ ಈರಿ ಸರೋವರದ ದಂಡೆಯ ನಮ್ಮ ಊರು. ಇಲೋನಾ ಅವರ ತಂದೆ ಹಂಗೇರಿಯಿಂದ ಬಂದು ಇಲ್ಲಿನ ಉಕ್ಕಿನ ಕುಲುಮೆಯಲ್ಲಿ ದುಡಿದವರು. ಹದಿನೆಂಟನೆಯ ವಯಸ್ಸಿನಲ್ಲಿ ಇಲೋನಾಗೂ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಜುಲೈನಲ್ಲಿ ಕಾಲೇಜಿನಿಂದ ಇನ್ನೊಂದು ಲಕೋಟೆ ಬಂತು. ಇಂಗ್ಲಿಷ್ ಓದಲು ಬಾರದ ತಂದೆ ಅದು ಮುಖ್ಯವಾದದ್ದೇ ಇರಬೇಕೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟರು. ಹತ್ತು ದಿನದೊಳಗೆ ಭರ್ತಿ ಮಾಡಿ ಕಳಿಸಬೇಕಾದ ಅರ್ಜಿ ಅದರೊಳಗಿತ್ತು. ಆಕೆ ಕಾಲೇಜು ಸೇರಿದ್ದು ಒಂಬತ್ತು ವರ್ಷದ ನಂತರ, ಸಂಜೆ ತರಗತಿಗೆ.

ಅದಕ್ಕೇ ಅವರದೊಂದು ಜುಲೈ ಮೇಜು ಇತ್ತು. ಬೇಸಿಗೆ ರಜೆಯಲ್ಲಿ ಶಾಲೆಯ ಊಟದ ಮನೆಯಲ್ಲಿ ಒಬ್ಬರೇ ಕೂರುತ್ತಿದ್ದರು. ತಾಯಂದಿರು ಒಡೆಯದ ಲಕೋಟೆಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಇಲೋನಾ ಓದಿ ಉತ್ತರ ಬರೆಸುತ್ತಿದ್ದರು. ಮೇಜು ಶುರುವಾಗುವ ಮೊದಲು ನೂರರಲ್ಲಿ ಎಂಬತ್ತಮೂರು ಮಕ್ಕಳ ಮೇ ಚೌಕ ತುಂಬುತ್ತಿತ್ತು, ಅಕ್ಟೋಬರ್ ಚೌಕ ಐವತ್ತೆಂಟು ಮಕ್ಕಳದು ಮಾತ್ರ. ಉಳಿದವರದು ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆ. ಇಲೋನಾ ಐವತ್ತೆಂಟನ್ನು ಎಪ್ಪತ್ತೊಂದಕ್ಕೆ ತಂದರು.

ಪ್ರತಿ ಜೂನಿನಲ್ಲಿ ಊರ ಪತ್ರಿಕೆ ಎರಡು ಶಾಲೆಗಳಿಂದ ಕಾಲೇಜಿಗೆ ಹೋದವರ ಶೇಕಡಾವಾರನ್ನು ಅಕ್ಕಪಕ್ಕ ಇಟ್ಟು ಅಚ್ಚು ಹಾಕುತ್ತಿತ್ತು. ಗುಡ್ಡದ ಮೇಲಿನ ಖಾಸಗಿ ಶಾಲೆ ಥಾರ್ನ್‌ಗೇಟ್ ಅಕಾಡೆಮಿ: ನೂರಕ್ಕೆ ನೂರು. ಸರ್ಕಾರಿ ಹೈಸ್ಕೂಲು: ಎಪ್ಪತ್ತೊಂದು. ಅಕಾಡೆಮಿಯವರು ಕೊಡುತ್ತಿದ್ದದ್ದು ಮೇ ತಿಂಗಳ ಅಂಕಿ. ಇಲೋನಾ ಕೊಡುತ್ತಿದ್ದದ್ದು ಹಿಂದಿನ ಅಕ್ಟೋಬರಿನದು. ಪತ್ರಿಕೆಯಲ್ಲಿ ತಿಂಗಳು ಬರೆಯುವ ಪದ್ಧತಿ ಇರಲಿಲ್ಲ.

“ನೀವೂ ಮೇ ತಿಂಗಳದ್ದೇ ಕೊಡಿ ಇಲೋನಾ,” ಎಂದು ಬ್ಯಾಸ್ಕೆಟ್‌ಬಾಲ್ ಕೋಚ್ ಜೀನ್ ಗೋಗರೆದ. “ನನ್ನ ಹುಡುಗ್ರು ಬುಟ್ಟಿ ಹತ್ರ ಎಸೆದ ಚೆಂಡನ್ನೂ ಬಿತ್ತು ಅಂತ ಬರೆದುಬಿಟ್ಟಿದ್ರೆ ಇಷ್ಟೊತ್ತಿಗೆ ನಾವು ರಾಜ್ಯಕ್ಕೇ ಮೊದಲು!”

“ಬೀಳದ ಚೆಂಡನ್ನ ಹೇಗೆ ಬರೀಲೋ?”

“ಸುಳ್ಳು ಹೇಳೋಕೆ ಬರದೇ ಇರೋರು ಅಂಕಿಅಂಶದ ಸುದ್ದಿಗೇ ಹೋಗ್ಬಾರ್ದು.”

ಆ ವರ್ಷ ಹತ್ತನೆಯ ತರಗತಿಯಲ್ಲಿದ್ದವಳು ಯಾರಿಟ್ಜಾ ಮಾಲ್ಡೊನಾಡೊ. ತಾಯಿ ಲೂಸ್ ಪೋರ್ಟೊ ರಿಕೊ ಕಡೆಯವಳು, ಆಸ್ಪತ್ರೆಯಲ್ಲಿ ಕಸ ಗುಡಿಸುವ ಕೆಲಸ. ನನ್ನ ಪ್ರಯೋಗಾಲಯದಲ್ಲಿ ಯಾರಿಟ್ಜಾ ತಪ್ಪು ಉತ್ತರ ಬಂದರೆ ಅಳಿಸುತ್ತಿರಲಿಲ್ಲ. ಪಕ್ಕದಲ್ಲಿ ಕಾರಣ ಬರೆಯುತ್ತಿದ್ದಳು. ಥಾರ್ನ್‌ಗೇಟ್ ಹೈಸ್ಕೂಲಿನ ಕೊನೆಯ ಎರಡು ವರ್ಷ, ಹನ್ನೊಂದು ಮತ್ತು ಹನ್ನೆರಡನೆಯ ತರಗತಿ, ಅವಳನ್ನು ಪುಕ್ಕಟೆ ಓದಿಸುತ್ತೇನೆಂದಿತು. ಲೂಸ್ ಪತ್ರಿಕೆಯ ಆ ಪುಟವನ್ನು ಮಡಚಿಕೊಂಡು ಇಲೋನಾ ಅವರ ಕೋಣೆಗೆ ಬಂದಳು.

ಇಲೋನಾ ಕೋಷ್ಟಕ ತೆಗೆದರು. ಆ ಚಳಿಗಾಲದಲ್ಲಿ ನಾವಿಬ್ಬರೂ ಕೂತು ಮಾಡಿದ್ದು ಅದು. ಎಂಟನೆಯ ತರಗತಿಯಲ್ಲಿ ಒಂದೇ ಅಂಕ, ಮನೆಯ ಸ್ಥಿತಿಯೂ ಒಂದೇ. ಒಬ್ಬರು ನಮ್ಮಲ್ಲಿ ಉಳಿದವರು, ಒಬ್ಬರು ಥಾರ್ನ್‌ಗೇಟಿಗೆ ಹೋದವರು. ಅಂಥ ಅರವತ್ನಾಲ್ಕು ಜೋಡಿ. ಉಳಿದವರಲ್ಲಿ ನಲವತ್ತೇಳು ಮಂದಿ ಅಕ್ಟೋಬರಿನಲ್ಲಿ ಕಾಲೇಜಿನಲ್ಲಿದ್ದರು. ಹೋದವರಲ್ಲಿ ನಲವತ್ತೆಂಟು. ಲೆಕ್ಕಕ್ಕೆ ಸಿಕ್ಕವರು ಕಡಿಮೆ ಎಂದು ನಾನು ಕೆಳಗೆ ಟಿಪ್ಪಣಿ ಬರೆದಿದ್ದೆ.

“ವ್ಯತ್ಯಾಸ ಒಂದೇ ಒಂದು ಮಗುದು, ಲೂಸ್. ಅಲ್ಲಿಗೆ ಹೋಗೋ ಹೆಚ್ಚಿನ ಮಕ್ಕಳು ಮೊದ್ಲೇ ಅರ್ಧ ದಾರಿ ನಡೆದಿರ್ತಾರೆ. ಆ ಅರ್ಧ ದಾರಿ ನಡೆಸಿದ್ದು ಶಾಲೆ ಅಲ್ಲ.”

ಲೂಸ್ ಕೋಷ್ಟಕವನ್ನು ಬಹಳ ಹೊತ್ತು ನೋಡಿದಳು. “ಮಿಸ್ಸಿ, ನಿಮ್ಮ ಚೀಟಿ ಸರಿನೇ ಇರ್ಬೋದು. ನೀವು ಸುಳ್ಳು ಹೇಳೋರಲ್ಲ. ಆದ್ರೆ ನೂರು ಎದುರಿಗಿರುವಾಗ ಎಪ್ಪತ್ತೊಂದರ ಮೇಲೆ ಮಗಳನ್ನ ಬಿಟ್ರೆ, ನಾಳೆ ಅವಳು ಕೇಳಿದ್ರೆ ಏನ್ ಹೇಳ್ಲಿ?”

“ಜುಲೈಯಲ್ಲಿ ಅಲ್ಲಿ ಯಾರೂ ಇರಲ್ಲ, ನೆನಪಿಟ್ಕೊ.”

“ಜುಲೈಗೆ ಏನು ಮಿಸ್ಸಿ? ರಜಾ ಅಲ್ವಾ?”

ಯಾರಿಟ್ಜಾ ಹೋದಳು. ಅವಳ ಹಾಗೆ ಇನ್ನೂ ಆರು ಮಂದಿ ಹೋದರು.

ಮುಂದಿನ ಫೆಬ್ರವರಿಯಲ್ಲಿ ಶಾಲಾ ಮಂಡಳಿಯ ಸಭೆ ನಡೆಯಿತು. ಮಾರ್ಗದರ್ಶನಕ್ಕಿದ್ದ ಮೂವರಲ್ಲಿ ಇಬ್ಬರನ್ನು ತೆಗೆಯುವುದು, ಜುಲೈ ಪೂರ್ತಿ ಕಟ್ಟಡಕ್ಕೆ ಬೀಗ ಹಾಕುವುದು, ಇವು ಅಂದಿನ ವಿಷಯ. ಇಲೋನಾ ಕೋಷ್ಟಕದ ಮೂವತ್ತು ಪ್ರತಿಗಳನ್ನು ಹಂಚಿದರು. ಅಧ್ಯಕ್ಷ ಹಾಫ್‌ಮೈಸ್ಟರ್ ಅದನ್ನು ಕೈಯಲ್ಲಿ ಹಿಡಿದೇ ಪತ್ರಿಕೆಯ ಅಂಕಿ ಓದಿದರು.

“ಈ ಎಪ್ಪತ್ತೊಂದು ನಾವು ಹೇಳಿದ್ದಲ್ಲ, ಮಿಸೆಸ್ ಫಾರ್ಕಾಶ್. ನೀವೇ ಕೊಟ್ಟಿದ್ದು. ಇಷ್ಟು ವರ್ಷ ಮೂವರನ್ನ ಇಟ್ಕೊಂಡೂ ಎಪ್ಪತ್ತೊಂದು.”

“ಅವರದು ಮೇ ತಿಂಗಳದ್ದು, ಸರ್. ನಮ್ಮದು ಅಕ್ಟೋಬರಿಂದು.”

“ತಿಂಗಳು ಯಾವುದಾದ್ರೇನಮ್ಮಾ? ನೂರು ಅಂದ್ರೆ ನೂರೇ ತಾನೆ!”

ಸಭೆ ನಕ್ಕಿತು. ದುರುದ್ದೇಶದ ನಗುವಲ್ಲ, ದಣಿದ ಜನಕ್ಕೆ ನಗಲು ಒಂದು ನೆಪ ಸಿಕ್ಕಿತು. ಐದು ಮತ ಬೀಗದ ಪರ, ಎರಡು ವಿರುದ್ಧ.

ಇಲೋನಾ ಜುಲೈ ಮೇಜನ್ನು ಹಂಗೇರಿ ಚರ್ಚಿನ ನೆಲಮಾಳಿಗೆಗೆ ಸಾಗಿಸಿದರು. ಎರಡು ಬೇಸಿಗೆ ಅಲ್ಲಿ ಕೂತರು. ‘ಮೇಜು ಚರ್ಚಿಗೆ ಹೋಗಿದೆ’ ಎಂಬ ಚೀಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸುವ ಕೆಲಸ ನನ್ನದಾಗಿತ್ತು. ಎರಡನೆಯ ಬೇಸಿಗೆ ಅಲ್ಲಿಗೆ ಬಂದದ್ದು ನಾಲ್ಕೇ ಕುಟುಂಬ. ಜನಕ್ಕೆ ಬೇಡವಾಯಿತೇನೋ ಎಂದರು ಇಲೋನಾ.

ಆ ಎರಡನೆಯ ಬೇಸಿಗೆಗೆ ಮುಂಚೆ ಮೇ ಒಂದರಂದು, ಎಲ್ಲ ಮಕ್ಕಳೂ ತಾವು ಸೇರಲಿರುವ ಕಾಲೇಜಿನ ಅಂಗಿ ತೊಡುವ ದಿನ, ಯಾರಿಟ್ಜಾ ನೀಲಿ ಅಂಗಿ ಹಾಕಿಕೊಂಡು ಇಲೋನಾಗೆ ಫೋಟೋ ಕಳಿಸಿದ್ದಳು. ಒಂಬತ್ತು ಕಾಲೇಜುಗಳಲ್ಲಿ ಸೀಟು. ಜೂನಿನ ಪತ್ರಿಕೆಯಲ್ಲಿ ಥಾರ್ನ್‌ಗೇಟಿನ ಹೆಸರಿನ ಕೆಳಗೆ ಎಪ್ಪತ್ನಾಲ್ಕು ಕಾಲೇಜುಗಳ ಪಟ್ಟಿ ಬಂತು. ಅದರಲ್ಲಿ ಒಂಬತ್ತು ಇವಳೊಬ್ಬಳದೇ.

ಅಕ್ಟೋಬರಿನಲ್ಲಿ, ಕೊನೆಯ ಗಂಟೆ ಹೊಡೆದ ಮೇಲೆ, ಇಲೋನಾ ಲೂಸ್‌ಗೆ ಫೋನ್ ಮಾಡಿದರು. ಬರೆಯಲು ಕೈ ಬಿಡುವಿರಲಿ ಎಂದು ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕುತ್ತಿದ್ದರು. ನಾನು ಅಲ್ಲೇ ಇದ್ದೆ.

“ಹೇಗಿದ್ದಾಳೆ ನಮ್ಮ ಹುಡುಗಿ? ಹಾಸ್ಟೆಲ್ ಊಟ ಸೇರುತ್ತಾ?”

“ಅವಳು ಇಲ್ಲೇ ಇದ್ದಾಳೆ ಮಿಸ್ಸಿ.”

“ರಜಾಕ್ಕೆ ಬಂದ್ಲಾ?”

“ಇಲ್ಲ. ಹೋಗ್ಲೇ ಇಲ್ಲ. ದಿನಸಿ ಅಂಗಡೀಲಿ ಕೇಕ್ ಪ್ಯಾಕ್ ಮಾಡ್ತಾಳೆ. ಜುಲೈಯಲ್ಲಿ ಕಾಲೇಜಿಂದ ಒಂದು ಕಾಗದ ಬಂತು. ಫೀಸಿಗೆ ನೆರವು ಬೇಕಾದ್ರೆ ಅವಳಪ್ಪ ನಮ್ಮ ಜೊತೆ ಇಲ್ಲ ಅನ್ನೋದಕ್ಕೆ ರುಜುವಾತು ಕೊಡಿ ಅಂತ. ಮನುಷ್ಯ ಇಲ್ಲ ಅನ್ನೋದಕ್ಕೆ ಏನ್ ರುಜುವಾತು ಕೊಡ್ಲಿ ಮಿಸ್ಸಿ? ಇದ್ರೆ ತಾನೆ ತೋರ್ಸೋದು.”

“ಥಾರ್ನ್‌ಗೇಟ್‌ನೋರು?”

“ಫೋನ್ ಮಾಡಿದ್ವಿ. ಆಗಸ್ಟ್ ಹದಿನೈದರವರೆಗೆ ಆಫೀಸ್ ಇಲ್ಲ ಅಂತ ಮೆಷಿನ್ ಹೇಳ್ತು. ಅವರನ್ನ ಬೈಯಲ್ಲ ನಾನು. ಅಲ್ಲಿ ಬೇರೆ ಯಾರ ಮನೆಗೂ ಆ ಕಾಗದ ಬರಲ್ವಂತೆ.”

“ನನ್ನ ಹತ್ರ ಬರ್ಬಾರ್ದಿತ್ತೇನೇ?”

“ಬಂದೆ ಮಿಸ್ಸಿ. ನೀವು ಜುಲೈ ಅಂದಿದ್ದು ಆಗ ನೆನಪಾಯ್ತು. ಎರಡು ಸಲ ಬಂದೆ. ಬಾಗಿಲಿಗೆ ಸರಪಳಿ ಇತ್ತು.”

“ಚೀಟಿ ಇರ್ಲಿಲ್ವಾ ಬಾಗಿಲ ಮೇಲೆ?”

“ಯಾವ ಚೀಟಿ?”

ಇಲೋನಾ ನನ್ನ ಕಡೆ ತಿರುಗಲಿಲ್ಲ. ನಾನು ಹಾಕಿದ್ದು ಸಾದಾ ಟೇಪು. ಸರೋವರದ ತೇವದ ಗಾಳಿಗೆ ಅದರ ಅಂಟು ಒಂದು ವಾರವೂ ನಿಲ್ಲುವುದಿಲ್ಲ. ರಸಾಯನಶಾಸ್ತ್ರ ಕಲಿಸುವವನಿಗೆ ಇದು ತಿಳಿದಿರಬೇಕಿತ್ತು.

ಅವರು ಫೋನ್ ಇಟ್ಟು ಯಾರಿಟ್ಜಾಳ ಚೀಟಿ ಎಳೆದುಕೊಂಡರು. ಮೇ ಚೌಕದಲ್ಲಿ ಒಂಬತ್ತು ಹೆಸರು, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ. ಅಕ್ಟೋಬರ್ ಚೌಕದ ಮೇಲೆ ಪೆನ್ನು ಹಿಡಿದು, ಬರೆಯದೆ, ಮುಚ್ಚಳ ಹಾಕಿದರು.

“ಇವಳ ಜೋಡಿ ಯಾರು?” ಎಂದು ಕೇಳಿದರು.

ಡೆಸ್ಮಂಡ್ ಟ್ರಿಪ್ಲೆಟ್. ಎಂಟನೆಯ ತರಗತಿಯಲ್ಲಿ ಅವಳಷ್ಟೇ ಅಂಕ. ನಮ್ಮಲ್ಲೇ ಉಳಿದ ಹುಡುಗ. ಅವನ ಮನೆಗೆ ಹಿಂದಿನ ದಿನವೇ ಫೋನ್ ಮಾಡಿದ್ದರು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ ಎಂದಿದ್ದಳು ಅವನ ಅಜ್ಜಿ. ಅವಳೂ ಸರಪಳಿ ನೋಡಿ ಹಿಂದಿರುಗಿದ್ದಳು.

“ಕೋಷ್ಟಕಕ್ಕೆ ಸೇರಿಸು,” ಎಂದರು.

ಸೇರಿಸಿದೆ. ಅರವತ್ತೈದನೆಯ ಜೋಡಿ: ಎರಡೂ ಅಕ್ಟೋಬರ್ ಚೌಕ ಖಾಲಿ. ಕಾಲೇಜು ಸೇರಿದವರು ಈಗಲೂ ಉಳಿದವರಲ್ಲಿ ನಲವತ್ತೇಳು, ಹೋದವರಲ್ಲಿ ನಲವತ್ತೆಂಟು. ಎರಡು ಶಾಲೆಗಳ ನಡುವಿನ ವ್ಯತ್ಯಾಸ ಮೊದಲಿನಷ್ಟೇ ಇತ್ತು, ಒಂದು.