ಅಕ್ಕನಿಗೆ ಒಗ್ಗದ ರಕ್ತ

ಎಂಬತ್ತರ ದಶಕದ ಮೊದಲ ವರ್ಷಗಳು. ಹೆರಿಗೆಯಾದ ಅಕ್ಕನಿಗೆ ರಕ್ತಸ್ರಾವ ನಿಲ್ಲದೆ, ಇಳಕಲ್ಲಿನಿಂದ ಬಾಗಲಕೋಟೆಯ ದವಾಖಾನೆಗೆ ತಂದಿದ್ದೆವು. ರಕ್ತ ಬೇಕೆಂದಾಗ ಕುಪ್ಪಸದ ತೋಳು ಮೇಲೇರಿಸಿ ನಾನೇ ಮುಂದೆ ನಿಂತೆ. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಮನೆಯ ಮಗ್ಗದಲ್ಲಿ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಜೋಡಿಸುವಾಗ ಅವಳು ಕುಣಿಕೆ ಹಾಕಿದರೆ ನಾನು ಎಳೆಯುತ್ತಿದ್ದೆ. ನನ್ನದಲ್ಲದೆ ಇನ್ಯಾರದು ಹೊಂದೀತು?

ರಕ್ತ ತಪಾಸಣೆಯವರು ಅಕ್ಕನ ರಕ್ತದ ತಿಳಿಗೆ ನನ್ನ ರಕ್ತದ ಹನಿ ಬೆರೆಸಿದರು. ನೋಡನೋಡುತ್ತಲೇ ಅದು ಒಡೆದ ಹಾಲಿನಂತೆ ಗಂಟುಗಂಟಾಯಿತು.

"ನಿಮ್ಮದು ನಡಿಯಂಗಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ದಿನ ಕೆಂಪು ಬಣ್ಣಕ್ಕೆ ನೂಲು ಅದ್ದಿದ್ದೆ, ಉಗುರಿನ ಸಂದಿಯೆಲ್ಲ ಕೆಂಪು.

"ಬಣ್ಣ ಕೂಡೇತ್ರಿ ಅದಕ್ಕ. ಇನ್ನೊಮ್ಮೆ ಚುಚ್ಚರಿ!"

ಚರ್ಮ ಕಿತ್ತುಬರುವಂತೆ ಕೈ ತಿಕ್ಕಿ ತೊಳೆದು ಬಂದೆ. ಪಾಪ, ಅವರು ಮತ್ತೆ ಚುಚ್ಚಿದರು. ಮತ್ತೆ ಗಂಟು. ನನ್ನ ಹಟದಲ್ಲಿ ಹೊತ್ತು ಹೋಗಿತ್ತು, ಒಳಗೆ ಅಕ್ಕನ ತುಟಿ ಬಿಳಚಿಕೊಂಡಿತ್ತು.

ಮೂಲೆಯಲ್ಲಿ ಕೂತಿದ್ದ ಅವ್ವ, ಕಡ್ಡಿಯಂಥ ಮೈಯವಳು, ಬೆರಳು ಚಾಚಿದಳು. "ನಂದೂ ನೋಡ್ರಿ." ಅವಳದು ಗಂಟಾಗಲಿಲ್ಲ. ಬಾಟಲಿ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು.

ನಾನು ತಪಾಸಣೆಯವರನ್ನು ಬಿಡಲಿಲ್ಲ. ಅವ್ವನದು ಹೊಂದಿ ತಂಗಿಯದು ಹೊಂದದೆ ಇರುವುದೆಂದರೇನು? ಅವರು ತಾಳ್ಮೆಯಿಂದ ಹೇಳಿದರು: ರಕ್ತಕಣದ ಮೈಮೇಲೆ ಸಕ್ಕರೆಯ ಕಣಗಳ ಸಣ್ಣ ಸರಗಳಿರುತ್ತವೆ. ನನ್ನ ಸರ ಬೇರೆ, ಅಕ್ಕನದು ಬೇರೆ, ಅವ್ವನಿಗೆ ಆ ಎರಡೂ ಇಲ್ಲ. ಕರುಳಿನಲ್ಲಿ ಸೇರುವ ಕ್ರಿಮಿಗಳ ಮೇಲೂ ಇಂಥವೇ ಸಕ್ಕರೆಗಳಿರುತ್ತವೆ. ತನ್ನದಲ್ಲದ್ದನ್ನು ಕಂಡ ಮೈ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಹಾಗಾಗಿ ನನ್ನ ರಕ್ತವನ್ನು ಎಂದೂ ಕಾಣದೆಯೇ ಅಕ್ಕನ ಮೈ ಅದಕ್ಕೆ ಎದುರು ನಿಂತಿತ್ತು; ಅವ್ವನದರಲ್ಲಿ ಎದುರಿಸಲು ಏನೂ ಇರಲಿಲ್ಲ.

"ಯಾವಾಗಿಂದ್ರಿ?"

"ಕೂಸಿದ್ದಾಗಿಂದ. ವರ್ಷ ತುಂಬೋದ್ರಾಗ ಸುರು ಆಗಿರ್ತೈತಿ."

ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು. ಎಷ್ಟು ಸಲ ಲೆಕ್ಕ ಹಾಕಿದರೂ ತಲೆ ಕೆಟ್ಟುಹೋಗುತ್ತಿತ್ತು.

ಮನೆಗೆ ಬಂದ ಮೇಲೆ, ಊಟಕ್ಕೆ ಕೂತಾಗ ಅಕ್ಕನಿಗೆ ಎಲ್ಲ ಹೇಳಿದೆ. "ನಾ ಹುಟ್ಟೋಕಿಂತ ಮೊದಲ ನಿನಗ ನಾ ಬ್ಯಾಡಾಗಿದ್ದೆ."

"ಹುಚ್ಚಿ, ನಿನ್ನ ಮಾತು ಕೇಳಿ ನಿನ್ನ ರಕ್ತಾನ ಹಾಕಿದ್ರ ನನಗೇನಾಗ್ತಿತ್ತು?"

ಆ ಪ್ರಶ್ನೆಯನ್ನು ಮಾತ್ರ ನಾನು ದವಾಖಾನೆಯಲ್ಲಿ ಕೇಳಿರಲಿಲ್ಲ. ಈಗ ಉತ್ತರ ತಾನಾಗಿ ಹೊಳೆಯಿತು: ಅವಳು ಉಳಿಯುತ್ತಿರಲಿಲ್ಲ. ಗಂಟಾದ ಆ ಹನಿ ಕಣ್ಣ ಮುಂದೆ ಬಂದು, ತುತ್ತು ಕೈಯಲ್ಲೇ ಉಳಿಯಿತು. ಅಳು ಬಂತು. ಅಕ್ಕ ತಟ್ಟೆಯನ್ನು ನನ್ನ ಕಡೆ ಸರಿಸಿ, "ಉಣ್ಣ," ಎಂದಳು.