ಹತ್ತನೆಯ ಕೈ

ಕೊರೊನಾ ಹೋಗಿ ಮೂರನೆಯ ವರ್ಷ. ಆಗ ನಾನು ಬೀದರಿನಲ್ಲಿ ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಮೇಡಂ. ಅದೇ ಊರಿನ ಚಿದ್ರಿಯಲ್ಲಿ ಹುಟ್ಟಿ ಬೆಳೆದವಳು; ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಕನ್ನಡ. ಊರೂರು ತಿರುಗಿ, ನಿವೃತ್ತಿ ಹತ್ತಿರವಾದಾಗ ನಮ್ಮೂರಿಗೇ ಪೋಸ್ಟಿಂಗ್ ಸಿಕ್ಕಿತ್ತು. ಜಮೀನಿನ ತಕರಾರು, ಬಂದೋಬಸ್ತು ಯಾವುದಕ್ಕೂ ನಾನು ಬೇಸರ ಪಟ್ಟವಳಲ್ಲ. ಒಂದೇ ಒಂದು ಕೆಲಸ ಬಂದರೆ ಮಾತ್ರ ಹಿಂದಿನ ದಿನದಿಂದಲೇ ಊಟ ಸೇರುತ್ತಿರಲಿಲ್ಲ. ಅದು ಗ್ರಾಮ ಪಂಚಾಯತಿ ಅಧ್ಯಕ್ಷರನ್ನು ಕುರ್ಚಿಯಿಂದ ಇಳಿಸುವ ಸಭೆ ನಡೆಸುವುದು.

ಇದಕ್ಕೆ ಅವಿಶ್ವಾಸ ಗೊತ್ತುವಳಿ ಎನ್ನುತ್ತಾರೆ. ಅಧ್ಯಕ್ಷರ ಮೇಲೆ ನಂಬಿಕೆ ಇಲ್ಲವೆಂದು ಸದಸ್ಯರು ಎ.ಸಿ.ಗೆ ಬರೆದುಕೊಟ್ಟರೆ ಎ.ಸಿ.ಯೇ ಹೋಗಿ ಸಭೆ ನಡೆಸಬೇಕು. ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಕೈ ಎತ್ತಿದರೆ ಅಧ್ಯಕ್ಷರು ಇಳಿದಂತೆ. ಸಭೆ ಮುಂದೂಡುವಂತಿಲ್ಲ. ಯಾರ ಕಡೆ ನ್ಯಾಯವಿದೆ ಎಂದು ಎ.ಸಿ. ತುಟಿ ಬಿಚ್ಚುವಂತೆಯೂ ಇಲ್ಲ. ಎಣಿಸಬೇಕು, ಘೋಷಿಸಬೇಕು, ಗಾಡಿ ಹತ್ತಬೇಕು.

ಔರಾದ ತಾಲೂಕಿನ ಆ ಪಂಚಾಯತಿಯ ಹೆಸರು ಬೇಡ. ಹದಿನೈದು ಜನ ಸದಸ್ಯರು. ಅಧ್ಯಕ್ಷೆ ನೀಲಮ್ಮ, ನಲವತ್ತು ದಾಟಿದ ಹೆಂಗಸು. ಸ್ಥಾನ ಮಹಿಳೆಗೆ ಮೀಸಲಾದಾಗ ಊರ ಗಂಡಸರು ಧಾಬಾದಲ್ಲಿ ಕೂತು ಒಪ್ಪಂದ ಮಾಡಿಕೊಂಡಿದ್ದರು: ಅರ್ಧ ಅವಧಿ ನೀಲಮ್ಮನಿಗೆ, ಉಳಿದರ್ಧ ಧನರಾಜನ ಹೆಂಡತಿಗೆ. ಧನರಾಜ ಕೂಡ ಸದಸ್ಯ, ಊರಿನ ದೊಡ್ಡ ಕುಳ. ನೀಲಮ್ಮನನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಇಂಥ ಒಪ್ಪಂದದಲ್ಲಿ ಹೆಂಗಸರನ್ನು ಕೇಳುವ ಪದ್ಧತಿಯೇ ಇಲ್ಲ.

ಆಕೆ ಕುರ್ಚಿಯಲ್ಲಿ ಸುಮ್ಮನೆ ಕೂರಲಿಲ್ಲ. ಎಂದೂ ನಳ ಕಾಣದ ಗುಡ್ಡದ ಓಣಿಗೆ ಪೈಪು ಎಳೆಸಿದಳು. ಟ್ಯಾಂಕಿಗೆ ಜೋಡಿಸುವ ಕೆಲಸವೊಂದು ಉಳಿದಿರುವಾಗ ಅವಳ ಅವಧಿ ಮುಗಿಯಿತು ಎಂದರು. "ನೀರು ಬಿಟ್ಟ ದಿನಾನೇ ರಾಜೀನಾಮಿ ಕೊಡ್ತೇನಿ" ಎಂದಳು. ಪೈಪನ್ನು ತನ್ನ ಓಣಿಗೆ ತಿರುಗಿಸಬೇಕೆಂದಿದ್ದ ಧನರಾಜ ಕಾಯಲಿಲ್ಲ. ಹತ್ತು ಸಹಿ ಮಾಡಿಸಿದ. ಅದರಲ್ಲಿ ಒಂದು ಗುಡ್ಡದ ಓಣಿಯ ಕಾಶಿಬಾಯಿಯದೇ. ಅವಳ ಗಂಡ ಧನರಾಜನಿಗೆ ಮಾತು ಕೊಟ್ಟಾಗಿತ್ತು.

ಸಹಿಯಾದ ಮೇಲೆ ಟೂರ್. ಸದಸ್ಯರು ಮನಸ್ಸು ಬದಲಿಸಬಾರದೆಂದು ಅವರನ್ನೆಲ್ಲ ಜೀಪಿನಲ್ಲಿ ತುಂಬಿ ತುಳಜಾಪುರ, ಪಂಢರಪುರ ಎಂದು ತಿರುಗಿಸುತ್ತಾರೆ. ಫೋನ್ ಕಸಿದುಕೊಳ್ಳುತ್ತಾರೆ. ಸಭೆಯ ಹೊತ್ತಿಗೆ ಸರಿಯಾಗಿ ಪಂಚಾಯತಿ ಬಾಗಿಲಿಗೇ ತಂದು ಇಳಿಸುತ್ತಾರೆ. ದೇವರ ದರ್ಶನವೂ ಆಯಿತು, ಜನರ ಕಾವಲೂ ಆಯಿತು!

ಅಂದು ನನ್ನ ಕಣ್ಣೆದುರೇ ಹತ್ತು ಜನ ಇಳಿದರು. ಕಾಶಿಬಾಯಿಯ ಹಣೆ ತುಂಬ ಕುಂಕುಮ, ಕೈಯಲ್ಲಿ ಅವ್ವನಿಗೆಂದು ತಂದ ಪ್ರಸಾದದ ಪೊಟ್ಟಣ.

ನಾನು ಗೊತ್ತುವಳಿ ಓದಿ ಮುಗಿಸಿದೆ. ನೀಲಮ್ಮ ಎದ್ದು ನಿಂತಳು. ತನ್ನ ಪರವಾಗಿ ಏನೋ ಹೇಳುತ್ತಾಳೆಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಕಾಶಿ, ನಿಮ್ಮವ್ವ ಮುಂಜಾನಿ ಹೋಗ್ಯಾಳವ್ವ. ಮೊದ್ಲ ಮನಿಗಿ ಹೋಗು."

ಧನರಾಜ ನಕ್ಕುಬಿಟ್ಟ. "ನೋಡ್ರಿ ಮೇಡಂ! ಕುರ್ಚಿ ಉಳಸ್ಕೊಳ್ಳಾಕ ಜೀವಂತ ಮುದುಕಿನ್ನ ಸಾಯಿಸ್ಲತ್ತಾಳ."

ಕಾಶಿಬಾಯಿಯ ಮುಖ ಕೆಂಪಾಯಿತು. "ನಿನ್ನ ಬಾಯಾಗ ಹುಳ ಬೀಳ್ಲಿ! ಅವ್ವ ಆರಾಮ ಅದಾಳಂತ ನಿನ್ನಿನೇ ಧನರಾಜಣ್ಣಾರು ಫೋನ್ ಮಾಡಿ ಕೇಳ್ಯಾರ."

ನೀಲಮ್ಮನ ಕಡೆಯ ನಾಲ್ವರು "ಖರೆ ಅದವ್ವ, ಹೋಗು" ಎಂದರು. ಯಾರು ನಂಬುತ್ತಾರೆ? ಕಾಶಿಬಾಯಿ ಹೊರಗೆ ಹೋದರೆ ಒಂಬತ್ತೇ ಕೈ, ಅಧ್ಯಕ್ಷೆ ಉಳಿದಳು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಪಿಡಿಓ ಕಡೆ ನೋಡಿದೆ. ಪಂಚಾಯತಿಯ ಆ ಅಧಿಕಾರಿ ತಲೆ ತಗ್ಗಿಸಿದ. ಸುದ್ದಿ ನಿಜವೆಂದು ಅದರಲ್ಲೇ ತಿಳಿಯಿತು.

"ಕಾಶಿಬಾಯಿ, ಒಮ್ಮೆ ಮನಿಗಿ ಹೋಗಿ ಬರ್ರಿ" ಎಂದೆ.

"ಮೇಡಂ, ನೀವು ಒಬ್ಬರ ಕಡಿ ಮಾತಾಡಂಗಿಲ್ಲ" ಎಂದ ಧನರಾಜ. ಕಾನೂನು ಅವನಿಗೂ ಬಾಯಿಪಾಠವಾಗಿತ್ತು. ಕಾಶಿಬಾಯಿ ಕೂತಲ್ಲಿಂದ ಅಲುಗಲಿಲ್ಲ.

ನೀಲಮ್ಮ ನನ್ನ ಕಡೆ ತಿರುಗಿದಳು. "ಓಟು ಹಾಕಸ್ರಿ ಮೇಡಂ. ಆಕಿ ಕೈ ಬದ್ಲಿ ನಂದು ಎಣಸ್ರಿ" ಎಂದು ತನ್ನನ್ನು ಇಳಿಸುವ ಗೊತ್ತುವಳಿಗೆ ತಾನೇ ಕೈ ಎತ್ತಿದಳು. ಅಧ್ಯಕ್ಷೆಯೂ ಒಬ್ಬ ಸದಸ್ಯೆ, ಅವಳಿಗೂ ಮತವಿದೆ.

"ಈಗರೆ ನಂಬವ್ವ. ಹೋಗು."

ಕಾಶಿಬಾಯಿ ಆ ಕೈ ನೋಡಿದಳು. ಅವಳ ಬಾಯಿಂದ ಹೊರಟ ದನಿಯನ್ನು ನಾನು ಬರೆಯಲಾರೆ. ಪ್ರಸಾದ ಕುರ್ಚಿಯ ಮೇಲೆಯೇ ಉಳಿಯಿತು, ಅವಳು ಓಡಿದಳು.

"ವಿಚಾರ ಮಾಡ್ರಿ ನೀಲಮ್ಮ" ಎಂದೆ. ಕೈ ಇಳಿಯಲಿಲ್ಲ. ಪರ ಹತ್ತು, ವಿರುದ್ಧ ನಾಲ್ಕು. ಗೊತ್ತುವಳಿ ಅಂಗೀಕಾರವಾಗಿದೆ ಎಂದು ಘೋಷಿಸಿದೆ. ಹೊರಗೆ ಪಟಾಕಿ ಹಚ್ಚಿದರು. ಅದೇ ಊರಲ್ಲಿ ಹೆಣ ಇನ್ನೂ ಎತ್ತಿರಲಿಲ್ಲ.

ಜನ ಚದುರಿದ ಮೇಲೆ ನೀಲಮ್ಮನನ್ನು ಕೇಳಿದೆ, ಇಷ್ಟು ದಿನ ಹೋರಾಡಿ ಯಾಕೆ ಬಿಟ್ಟುಕೊಟ್ಟಿರಿ ಎಂದು. ಮುದುಕಿಯ ಬಾಯಿಗೆ ಕೊನೆಯ ಗುಟುಕು ನೀರು ಬಿಟ್ಟವಳು ಇವಳೇ ಎಂದು ಅಷ್ಟರಲ್ಲಿ ಪಿಡಿಓ ಹೇಳಿದ್ದ.

"ನಳದಾಗ ನೀರು ಇವತ್ತಿಲ್ಲಂದ್ರ ನಾಳಿ ಬರ್ತದ್ರಿ ಮೇಡಂ. ಅವ್ವನ ಮಾರಿ ನಾಳಿ ಸಿಗಂಗಿಲ್ಲ" ಎಂದು ಸೆರಗು ಸರಿಮಾಡಿಕೊಂಡು ಗುಡ್ಡದ ಓಣಿಯ ಕಡೆಗೇ ನಡೆದಳು.

ನೀರು ನಾಳೆಯೂ ಬರಲಿಲ್ಲ. ಪೈಪು ಧನರಾಜನ ಓಣಿಗೆ ತಿರುಗಿತು. ಗುಡ್ಡದ ಓಣಿಯ ಹೆಂಗಸರು ಇಂದಿಗೂ ಕೊಡ ಹೊತ್ತು ಏರುತ್ತಾರೆ.

ಸಭೆ ನಡೆಸುವವರು ಮೊದಲು ಸದಸ್ಯರನ್ನು ಮನೆಯವರ ಜೊತೆ ಮಾತಾಡಿಸಬೇಕು. ನೌಕರಿ ನನಗೆ ಕಲಿಸಿದ ಪಾಠ ಇಷ್ಟೇ, ಅದೂ ತಡವಾಗಿ. ನಂತರ ಬೀದರ ತಾಲೂಕಿನ ಇಂಥದೇ ಸಭೆಯಲ್ಲಿ, ಟೂರಿನಿಂದ ಬಂದಿಳಿದ ಪ್ರತಿಯೊಬ್ಬರ ಕೈಗೂ ಫೋನ್ ಕೊಡಿಸಿದೆ. "ಇದು ಯಾವ ಸೆಕ್ಷನ್‌ದಾಗ ಅದರಿ?" ಎಂದು ಮುಖಂಡನೊಬ್ಬ ರೇಗಿದ. "ಮೊದ್ಲ ಅವರು ಮಾತಾಡ್ಲಿ, ಆಮ್ಯಾಲ ಇಬ್ಬರೂ ಕೂಡಿ ಸೆಕ್ಷನ್ ಹುಡುಕೂಣು" ಎಂದೆ.

ಈ ಪಾಠವನ್ನು ನನ್ನೊಳಗೆ ಗಟ್ಟಿಯಾಗಿ ಕೂರಿಸಿದವಳು ಕಾಶಿಬಾಯಿ. ಅವ್ವನ ದಿನಕರ್ಮ ಮುಗಿಸಿ, ಬಸ್ಸು ಹಿಡಿದು ಬೀದರಿನ ನನ್ನ ಕಚೇರಿಗೆ ಬಂದಿದ್ದಳು. ಕೂರಿ ಎಂದರೆ ಕೂರಲಿಲ್ಲ.

"ಮೇಡಂ, ಅವತ್ತ ನಾ ಓಟು ಹಾಕಿಲ್ಲ. ಈಗ ಹಾಕ್ತೇನಿ, ನೀಲಕ್ಕನ ಕಡಿ ಬರಕೋರಿ" ಎಂದು ಕೈ ಎತ್ತಿದಳು.

ಸಭೆ ಮುಗಿದಿದೆ, ಕಾನೂನಿನಲ್ಲಿ ಅವಕಾಶವಿಲ್ಲ ಎಂದು ನನಗೆ ತಿಳಿದಷ್ಟು ಮೆತ್ತಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಕೈ ಮಾತ್ರ ಇಳಿಸಲಿಲ್ಲ. ಎತ್ತಿದ ಆ ಕೈಯನ್ನು ಇಳಿಸಲು ಕೊನೆಗೆ ನಾನೇ ಎದ್ದು ಹೋಗಬೇಕಾಯಿತು.