ಅರ್ಥವಿಲ್ಲದ ಬ್ಯಾನಿ

ಇಂದೂಗೆ ಸಿಟ್ಟು ಬಂದರೆ ಕಂಪ್ಯೂಟರಿಗೂ ಬೈಗುಳ ತಪ್ಪಿದ್ದಲ್ಲ. ಪುಣೆಯ ಶಿವಾಜಿನಗರದ ನಮ್ಮ ಆಫೀಸಿನಲ್ಲಿ ಅವಳದು ನನ್ನ ಪಕ್ಕದ ಕುರ್ಚಿ. ನಾನು ರೇಣು, ಪುಣೆಯಲ್ಲೇ ಹುಟ್ಟಿ ಬೆಳೆದವಳು, ಮರಾಠಿ ವಿಭಾಗ. ಅವಳು ಸಿಂದಗಿ ಕಡೆಯವಳು, ಕನ್ನಡ ವಿಭಾಗ. ಗಂಡ ಮಾಂತು ಮಾರ್ಕೆಟ್ ಯಾರ್ಡಿನ ಈರುಳ್ಳಿ ಅಂಗಡಿಯೊಂದರಲ್ಲಿ ಗುಮಾಸ್ತ. ಮದುವೆಯಾಗಿ ಬಂದ ಹೊಸತರಲ್ಲಿ ಮರಾಠಿ ಬಾರದೆ ತರಕಾರಿಯವರ ಮುಂದೆ ಕೈಸನ್ನೆ ಮಾಡುತ್ತಿದ್ದಳಂತೆ. ಈಗ ಬಸ್ ಕಂಡಕ್ಟರನ ಜೊತೆ ಮರಾಠಿಯಲ್ಲೇ ಜಗಳ ತೆಗೆದು ಗೆದ್ದು ಬರುತ್ತಾಳೆ.

ನಮ್ಮ ಕೆಲಸ ಕೇಳಲು ಸುಲಭ. ಜನ ಇಂಟರ್ನೆಟ್ಟಿನಲ್ಲಿ ಏನೋ ಹುಡುಕುತ್ತಾರಲ್ಲ, ಆ ಪ್ರಶ್ನೆ ನಮ್ಮ ಪರದೆಗೆ ಬರುತ್ತದೆ. ಒಂದು ಸರ್ಚ್ ಎಂಜಿನ್ ಕೊಟ್ಟ ಉತ್ತರ ಎಡಕ್ಕೆ, ಅದರ ಪೈಪೋಟಿಯವರದು ಬಲಕ್ಕೆ. ಯಾವುದು ಯಾವ ಕಂಪನಿಯದು ಎಂದು ನಮಗೆ ಹೇಳುವುದಿಲ್ಲ. ಚೆನ್ನಾಗಿರುವುದನ್ನು ಒತ್ತಬೇಕು, ಪ್ರಶ್ನೆಯೇ ತಿಳಿಯದಿದ್ದರೆ ಅರ್ಥವಿಲ್ಲ ಎಂಬ ಗುಂಡಿ ಒತ್ತಬೇಕು, ಅಷ್ಟೇ. ಸೋತವರು ನಮ್ಮ ತೀರ್ಪು ನೋಡಿ ತಮ್ಮದನ್ನು ತಿದ್ದಿಕೊಳ್ಳುತ್ತಾರೆ.

ಇಂದೂ ಇದನ್ನು ಎರಡು ಮನೆಗಳ ಜಗಳ ಮಾಡಿಕೊಂಡಿದ್ದಳು. ಎಡಗಡೆಯವರು, ಬಲಗಡೆಯವರು ಎಂದೇ ಅವಳ ಮಾತು. ಒಮ್ಮೆ ಯಾರೋ ಪುಂಡಿ ಪಲ್ಲೆ ಮಾಡುವುದು ಹೇಗೆ ಎಂದು ಕೇಳಿದ್ದಕ್ಕೆ ಎಡಗಡೆಯವರು ಪುಂಡರನ್ನು ಪೊಲೀಸರು ಹಿಡಿದ ಸುದ್ದಿ ತೋರಿಸಿದರು. ಇವಳು ಹುಚ್ಚ ಖೋಡಿಗಳೆಂದು ಬೈದು ಬಲಗಡೆ ಒತ್ತಿದಳು. ಅಂಥದ್ದು ಬಂದಾಗಲೆಲ್ಲ ಬೈದಳು, ಒತ್ತಿದಳು. ಕೆಲವು ತಿಂಗಳ ಮೇಲೆ ಅದೇ ಪ್ರಶ್ನೆ ಮತ್ತೆ ಬಂತು. ಎಡಗಡೆಯವರು ಪುಂಡಿ ಸೊಪ್ಪು, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ ಎಲ್ಲವನ್ನೂ ಕಲಿತು ಕೂತಿದ್ದರು. ಮರುದಿನ ಇಂದೂ ಆಫೀಸಿಗೆಲ್ಲ ರೊಟ್ಟಿ, ಪುಂಡಿ ಪಲ್ಲೆ ಕಟ್ಟಿಕೊಂಡು ಬಂದಳು. ಹೆತ್ತ ಮಗ ಪಾಸಾಗಿದ್ದರೂ ಅವಳು ಅಷ್ಟು ಹಿಗ್ಗುತ್ತಿರಲಿಲ್ಲ.

ಆಮೇಲೆ ಬಂತು ಹಾಳಾದ ಹೊಸ ನಿಯಮ. ಒಂದೊಂದು ಪ್ರಶ್ನೆಯನ್ನೂ ಮೂವರು ನೋಡಬೇಕು. ಇಬ್ಬರು ಹೇಳಿದ್ದೇ ಸರಿ. ಬೇರೆ ಹೇಳಿದವರಿಗೆ ಕೆಂಪು ಗುರುತು. ಮೂರು ಕೆಂಪು ಬಿದ್ದರೆ ಕೆಲಸ ಹೋಯಿತು. ನಮ್ಮ ಮರಾಠಿಯವರಿಗೆ ಇದರಿಂದ ಏನೂ ಆಗಲಿಲ್ಲ. ನಾವು ದೊಡ್ಡ ಗುಂಪು, ಸಾಸವಡದ ಹಳ್ಳಿ ಮಾತು ಬಂದರೂ ಅದು ನನಗೆ ಗೊತ್ತು ಎನ್ನುವವರು ಯಾರಾದರೂ ಸಿಗುತ್ತಾರೆ. ಕನ್ನಡದಲ್ಲಿ ಇದ್ದದ್ದೇ ಮೂವರು. ಉಳಿದಿಬ್ಬರು ಕರಾವಳಿಯ ಹೋಟೆಲಿನವರ ಮನೆಯ ಮಕ್ಕಳು. ಒಳ್ಳೆಯವರೇ, ಆದರೆ ಉತ್ತರ ಕರ್ನಾಟಕದ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. ನೋಡುನೋಡುತ್ತಿದ್ದಂತೆ ಇಂದೂಗೆ ಎರಡು ಕೆಂಪು ಬಿದ್ದವು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಪರದೆಗೆ ಈ ಪ್ರಶ್ನೆ ಬಂತು: ಕೂಸಿಗೆ ಹೊಟ್ಟಿ ಬ್ಯಾನಿ ಏನ್ ಮಾಡಬೇಕು. ಇಂದೂ ಕಡೆ ನೋವಿಗೆ ಬ್ಯಾನಿ ಎನ್ನುತ್ತಾರೆ. ಎಡಗಡೆಯವರು ಕೂಸುಗಳ ಬನಿಯನ್ ತೋರಿಸಿದ್ದರು, ಬಣ್ಣಬಣ್ಣದವು. ಬಲಗಡೆಯವರು ಮಗುವಿನ ಹೊಟ್ಟೆನೋವಿಗೆ ಏನು ಮಾಡಬೇಕು, ಯಾವಾಗ ಡಾಕ್ಟರ ಹತ್ತಿರ ಓಡಬೇಕು ಎಂದು ಬರೆದಿದ್ದರು.

ಇಂದೂ ಒತ್ತುವ ಮೊದಲೇ ನಮ್ಮ ಮೇಲ್ವಿಚಾರಕ ಮಿಥುನ ಓಡಿ ಬಂದ. ಬೆಂಗಳೂರಿನ ಹುಡುಗ, ಮನಸ್ಸು ಕೆಟ್ಟದ್ದಲ್ಲ. ಉಳಿದಿಬ್ಬರೂ ಈ ಪ್ರಶ್ನೆಗೆ ಅರ್ಥವಿಲ್ಲ ಎಂದು ಒತ್ತಿಯಾಗಿದೆ, ಇನ್ನು ಅದನ್ನು ಬದಲಿಸಲು ಬರುವುದಿಲ್ಲ, ನೀವೂ ಅದನ್ನೇ ಒತ್ತಿ ಎಂದ. ಹಾಗೆ ಒತ್ತಿದರೆ ಪ್ರಶ್ನೆಯ ಗತಿ ಏನು ಎಂದು ಇಂದೂ ಕೇಳಿದಳು. ಮೂವರೂ ಹಾಗೆ ಒತ್ತಿದರೆ ಪ್ರಶ್ನೆಯನ್ನೇ ತೆಗೆದುಹಾಕುತ್ತಾರೆ, ಎಡಗಡೆಯವರಿಗೆ ತಮ್ಮ ತಪ್ಪು ತಿಳಿಯುವುದೇ ಇಲ್ಲ ಎಂದು ಅವನೇ ಒಪ್ಪಿಕೊಂಡ. ಬಲಗಡೆ ಒತ್ತಿದರೆ ಕನಿಷ್ಠ ಒಂದು ಮತವಾದರೂ ಅವರ ಕಣ್ಣಿಗೆ ಬೀಳುತ್ತದೆ. ಆದರೆ ಮೂರನೆಯ ಕೆಂಪು ಬೀಳುತ್ತದೆ.

ನನಗೆ ಮೈಯೆಲ್ಲ ಉರಿಯಿತು. ನಿಯಮ ಮಾಡಿದವರ ಮೇಲೆ, ಬನಿಯನ್ ತೋರಿಸಿದ ಆ ಮೂರ್ಖ ಯಂತ್ರದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಇಂದೂ ಮೇಲೆ. ಸುಮ್ಮನೆ ಒತ್ತಿಬಿಡು, ನಿನ್ನ ಕೆಲಸ ಹೋದರೆ ಆ ಕೂಸಿನ ತಾಯಿ ಬಂದು ಮನೆ ನಡೆಸುತ್ತಾಳೇನು ಎಂದು ಬೈದೆ. ಅವಳು ಮಿಥುನನ ಕಡೆ ತಿರುಗಿದಳು.

"ಅರ್ಥ ಇಲ್ಲ ಅಂತ ಹೆಂಗ ಒತ್ತಲಿ? ನನಗ ಅರ್ಥ ಆಗೇದ," ಎಂದಳು.

ಮಿಥುನ ದನಿ ತಗ್ಗಿಸಿದ. "ಆ ಕಡೆ ಇಬ್ರು ಇದ್ದಾರೆ ಮೇಡಂ. ನೀವೊಬ್ರೇ. ಒಬ್ಬರಿಂದ ಏನಾಗುತ್ತೆ ಹೇಳಿ?"

"ನಾ ಒಬ್ಬಾಕಿ ಹೆಂಗಾಗ್ತೀನ್ರಿ? ಕೇಳಿದಾಕಿ ಅದಾಳಲ್ಲ," ಎಂದಳು ಇಂದೂ. "ನಾವೂ ಇಬ್ಬರು ಅದೀವಿ."

ಹಾಗೆಂದವಳೇ ಬಲಗಡೆ ಒತ್ತಿದಳು.